ದಂಡಿನ ಆಸ್ಪತ್ರೆಗೆ ಬೇಕಾದ ಇಂಗ್ಲಿಷ್

ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿದ್ದವು. ಇಂಟರ್‌ಮೀಡಿಯೆಟ್ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಚಾಮರಾಜಪೇಟೆಯ ಒಂದು ಮಹಿಳಾ ಸಮಾಜದವರು ಕರೆದು, ಗೃಹಿಣಿಯರಿಗೆ ಇಂಗ್ಲಿಷ್ ಹೇಳಿಕೊಡಲು ಸಾಧ್ಯವೇ ಎಂದು ಕೇಳಿದರು. ಹೂಂ ಅಂದುಬಿಟ್ಟೆ. ಸಮಾಜದ ಜಗಲಿಯ ಮೇಲೆ ಚಾಪೆ ಹಾಸಿ ಮಧ್ಯಾಹ್ನ ಪಾಠ. ಬರುತ್ತಿದ್ದವರೆಲ್ಲ ನನ್ನ ತಾಯಿಯ ವಯಸ್ಸಿನವರು. ಊಟದ ಮಂಪರಿನಲ್ಲಿ ಒಬ್ಬಿಬ್ಬರು ಕಂಬಕ್ಕೆ ಒರಗಿ ತೂಕಡಿಸುತ್ತಿದ್ದರು. ನಾನು ಎಬ್ಬಿಸುತ್ತಿರಲಿಲ್ಲ.

ನನ್ನ ಕೈಯಲ್ಲಿದ್ದದ್ದು ನಾನೇ ಶಾಲೆಯಲ್ಲಿ ಓದಿದ್ದ ಪುಸ್ತಕ. ಮೊದಲ ಪಾಠ ಹಸುವಿನದು. ಹಸುವಿಗೆ ನಾಲ್ಕು ಕಾಲು, ಹಸು ಹಾಲು ಕೊಡುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದಾಗ ಮುಂದೆ ಕುಳಿತಿದ್ದ ಒಬ್ಬಾಕೆ ಕೈ ಎತ್ತಿದರು. ಬಳೇಪೇಟೆಯ ಬಳೆ ವ್ಯಾಪಾರಿಯ ಹೆಂಡತಿ. ಹಣೆಯ ಮೇಲೆ ಅಗಲವಾದ ವಿಭೂತಿ, ಮೊಣಕೈವರೆಗೆ ಬಳೆ. ನಾವೆಲ್ಲ ಅವರನ್ನು ಬಳೇಪೇಟೆಯವರು ಎಂದೇ ಕರೆಯುತ್ತಿದ್ದೆವು.

“ಟೀಚರಮ್ಮ, ಹಾಲು ಕರೆಯೋನಿಗೆ ಇಂಗ್ಲಿಷ್ ಬರಲ್ಲ. ಹಸೂಗೂ ಬರಲ್ಲ. ಇದನ್ನ ನಾನು ಯಾರ ಹತ್ರ ಮಾತಾಡ್ಲಿ?”

ಜಗಲಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಕೇಳಿದೆ, “ನಿಮಗೆ ಇಂಗ್ಲಿಷ್ ಯಾರ ಹತ್ರ ಬೇಕು, ಹೇಳಿ.”

ಅವರು ನಗು ನಿಲ್ಲಿಸಿ ಹೇಳಿದರು. ಒಬ್ಬಳೇ ಮಗಳು, ದಂಡಿನ ಕಡೆ, ಕಂಟೋನ್ಮೆಂಟಿಗೆ ಕೊಟ್ಟಿದ್ದಾರೆ. ಮೊದಲ ಹೆರಿಗೆ ಊರಲ್ಲಿ, ಸೂಲಗಿತ್ತಿಯ ಕೈಯಲ್ಲಿ ಆಯಿತು. ಮಗು ಹುಟ್ಟಿದ ಮೇಲೆ ರಕ್ತ ಹೋಗಿ ಹೋಗಿ ಮಗಳು ಬಿಳುಚಿಕೊಂಡಳು, ಉಳಿದದ್ದೇ ಹೆಚ್ಚು. ಈಗ ಮತ್ತೆ ಬಸುರಿ. ಅಳಿಯ ದಂಡಿನ ಹೆರಿಗೆ ಆಸ್ಪತ್ರೆಗೆ ಸೇರಿಸುತ್ತೇನೆ ಅನ್ನುತ್ತಾನೆ. ಅಲ್ಲಿನ ಡಾಕ್ಟರಮ್ಮ ಸೀಮೆಯಿಂದ ಬಂದ ಇಂಗ್ಲೆಂಡಿನವರು, ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. “ಅಳಿಯನಿಗೆ ಇಂಗ್ಲಿಷ್ ಬರುತ್ತೆ. ಆದ್ರೆ ಹೆಂಗಸರ ವಿಷ್ಯ ಅವನ ಬಾಯಲ್ಲಿ ಹೇಳ್ಸೋಕಾಗುತ್ತಾ? ನೋಡಿದೋಳು ನಾನು. ನಾನೇ ಹೇಳ್ಬೇಕು.”

ಆ ದಿನ ಹಸುವಿನ ಪುಸ್ತಕ ಮುಚ್ಚಿದ್ದು, ಮತ್ತೆ ತೆರೆಯಲಿಲ್ಲ.

ಮರುದಿನದಿಂದ ಜಗಲಿಯೇ ಆಸ್ಪತ್ರೆ. ನಾನು ಡಾಕ್ಟರು, ಇನ್ನೊಬ್ಬರು ನರ್ಸು. ಬಸುರಿಯ ಪಾತ್ರಕ್ಕೆ ಮಾತ್ರ ಪೈಪೋಟಿ. ಆರು ಮಕ್ಕಳ ತಾಯಿಯೊಬ್ಬರು ಚಾಪೆಯ ಮೇಲೆ ಮಲಗಿ ಎಷ್ಟು ಚೆನ್ನಾಗಿ ನರಳುತ್ತಿದ್ದರೆಂದರೆ, ಬೀದಿಯಲ್ಲಿ ಹೋಗುತ್ತಿದ್ದ ಹೂವಾಡಗಿತ್ತಿ ಬುಟ್ಟಿ ಇಳಿಸಿ ಒಳಗೆ ಓಡಿ ಬಂದಳು. ಎಲ್ಲಿ ನೋವು, ಯಾವಾಗಿನಿಂದ, ಜ್ವರ ಇದೆಯೇ, ನಿಧಾನವಾಗಿ ಹೇಳಿ, ಇನ್ನೊಂದು ಸಲ ಹೇಳಿ. ಇಷ್ಟೇ ನಮ್ಮ ಪಾಠ. ವ್ಯಾಕರಣಕ್ಕೆ ನಾನು ಕೈ ಹಾಕಲಿಲ್ಲ.

ನಮ್ಮ ನಮ್ಮಲ್ಲೇ ಮಾತಾಡಿದರೆ ಸಾಲದು ಎಂದು ಒಂದು ದಿನ ಎಲ್ಲರನ್ನೂ ಬಸ್ಸಿನಲ್ಲಿ ದಂಡಿಗೆ ಕರೆದುಕೊಂಡು ಹೋದೆ. ನೂಲು, ಲೇಸು ಮಾರುವ ಅಂಗಡಿ; ಗಲ್ಲಾದ ಹಿಂದೆ ಫ್ರಾಕ್ ತೊಟ್ಟ ಆಂಗ್ಲೋ ಇಂಡಿಯನ್ ಹೆಂಗಸು. ಬಳೇಪೇಟೆಯವರು ಗಂಟಲು ಸರಿಮಾಡಿಕೊಂಡು, “ಶೋ ಮೀ ಬ್ಲೂ ಥ್ರೆಡ್, ಪ್ಲೀಸ್” ಎಂದರು. ಆಕೆ ಅಚ್ಚ ಕನ್ನಡದಲ್ಲಿ, “ತಿಳಿ ನೀಲಿನಾ, ಗಾಢ ನೀಲಿನಾ ಅಮ್ಮಾ?” ಎಂದಳು.

ಬಳೇಪೇಟೆಯವರ ಮುಖ ಸಪ್ಪಗಾಯಿತು. “ಇಷ್ಟು ದೂರ ಬಂದಿದೀವಿ ಕಣಮ್ಮ, ಇಂಗ್ಲಿಷ್‌ನಲ್ಲೇ ಹೇಳು.” ಆಕೆ ಜೋರಾಗಿ ನಕ್ಕು, ಅಷ್ಟು ಜನಕ್ಕೂ ಅಂಗಡಿಯ ಒಂದೊಂದು ಡಬ್ಬಿಯನ್ನೂ ಇಳಿಸಿ ಇಂಗ್ಲಿಷಿನಲ್ಲೇ ತೋರಿಸಿದಳು.

ಶ್ರಾವಣದ ಒಂದು ಬೆಳಿಗ್ಗೆ ನಮ್ಮ ಮನೆ ಮುಂದೆ ಜಟಕಾ ನಿಂತಿತು. ಒಳಗೆ ಬಳೇಪೇಟೆಯವರು. “ನೋವು ಶುರುವಾಗಿದೆಯಂತೆ. ನೀವು ಸುಮ್ನೆ ಪಕ್ಕದಲ್ಲಿರಿ, ಧೈರ್ಯಕ್ಕೆ.” ದಾರಿಯುದ್ದಕ್ಕೂ ಅವರ ತುಟಿ ಅಲ್ಲಾಡುತ್ತಿತ್ತು. ಜಪವೋ ಇಂಗ್ಲಿಷೋ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗಳನ್ನು ನೋಡಿ ಅವಸರದಿಂದ ಹೊರಗೆ ಬರುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಳೇಪೇಟೆಯವರು ನನ್ನ ಕೈ ಒತ್ತಿ ಹಿಡಿದು, ಡಾಕ್ಟರಮ್ಮನಿಗೆ ಅಡ್ಡ ನಿಂತರು.

“ಡಾಕ್ಟರ್, ವೆಯ್ಟ್ ಪ್ಲೀಸ್. ಐ ಮದರ್. ಲಾಸ್ಟ್ ಬೇಬಿ, ಆಫ್ಟರ್ ಬೇಬಿ, ಮಚ್ ಬ್ಲಡ್. ಟೂ ಮಚ್. ಐ ಸೀ.” ಪಕ್ಕದ ಬಿಳಿ ಗೋಡೆಯನ್ನು ಮುಟ್ಟಿ ತೋರಿಸಿದರು, ಮಗಳ ಮುಖ ಹೀಗಾಗಿತ್ತು ಎಂದು.

ಡಾಕ್ಟರಮ್ಮ ನಿಂತರು. ಬೆಂಚಿನ ಮೇಲೆ ಅವರನ್ನು ಕೂರಿಸಿ ತಾವೂ ಪಕ್ಕದಲ್ಲಿ ಕುಳಿತರು. ರಕ್ತ ಎಷ್ಟು ಹೊತ್ತು ಹೋಯಿತು ಎಂದು ಕೇಳಿದ್ದು ಇವರಿಗೆ ತಿಳಿಯಲಿಲ್ಲ. “ಸ್ಲೋಲಿ, ಪ್ಲೀಸ್” ಎಂದರು. ಡಾಕ್ಟರಮ್ಮ ಒಂದೊಂದೇ ಶಬ್ದ ಬಿಡಿಸಿ ಕೇಳಿದರು. “ಮಾರ್ನಿಂಗ್. ಈವ್ನಿಂಗ್ ಆಲ್ಸೋ” ಎಂದು ಉತ್ತರ ಬಂತು. ಡಾಕ್ಟರಮ್ಮ ಎದ್ದು ನರ್ಸನ್ನು ಕರೆದು ಏನೇನೋ ಸಿದ್ಧಮಾಡಲು ಹೇಳಿದರು. ನನ್ನ ಕೈ ಇನ್ನೂ ಬಳೇಪೇಟೆಯವರ ಹಿಡಿತದಲ್ಲೇ ಇತ್ತು. ಅವರ ಬಳೆಗಳ ಗುರುತು ಮೂಡಿತ್ತು.

ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಈ ಸಲವೂ ರಕ್ತ ಹೋಯಿತಂತೆ, ಆದರೆ ಆಸ್ಪತ್ರೆಯವರು ಅದಕ್ಕೆ ಸಿದ್ಧರಾಗಿ ಕಾದಿದ್ದರು, ಕೂಡಲೇ ನಿಲ್ಲಿಸಿದರು. ಡಾಕ್ಟರಮ್ಮ ತಾವೇ ಹೊರಗೆ ಬಂದು, ತಾಯಿ ಚೆನ್ನಾಗಿದ್ದಾಳೆ, ಮಗು ಚೆನ್ನಾಗಿದೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಬಳೇಪೇಟೆಯವರಿಗೆ ಆಗ ಒಂದು ಇಂಗ್ಲಿಷ್ ಶಬ್ದವೂ ನೆನಪಾಗಲಿಲ್ಲ. ಡಾಕ್ಟರಮ್ಮನ ಎರಡೂ ಕೈ ಹಿಡಿದು, “ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ” ಎಂದು ಅತ್ತರು. ಡಾಕ್ಟರಮ್ಮನೂ ಕೈ ಬಿಡಿಸಿಕೊಳ್ಳಲಿಲ್ಲ.

ಮಗಳ ಬಾಣಂತನ ಮುಗಿಯುವವರೆಗೆ ಬಳೇಪೇಟೆಯವರು ಪಾಠಕ್ಕೆ ಬರಲಿಲ್ಲ. ಇನ್ನು ಬರುವುದಿಲ್ಲವೇನೋ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಬಂದರು, ಎಲ್ಲರ ಕೈಗೂ ಒಂದೊಂದು ಡಜನ್ ಹಸಿರು ಬಳೆ ತಂದಿದ್ದರು. ತೊಡಿಸಿ ಮುಗಿಸಿ, ತಮ್ಮ ಜಾಗದಲ್ಲಿ ಕುಳಿತು ಹೇಳಿದರು:

“ಟೀಚರಮ್ಮ, ಆ ಆಸ್ಪತ್ರೇಲಿ ಒಬ್ಬ ನರ್ಸು ನನ್ನ ಮಗಳನ್ನ ಸುಮ್‌ಸುಮ್ನೆ ಗದರಿದ್ಲು. ತಿರುಗಿ ಕೇಳೋಕೆ ನನ್ನ ಹತ್ರ ಇಂಗ್ಲಿಷೇ ಇರ್ಲಿಲ್ಲ. ಈ ಸಲ ಜಗಳ ಆಡೋದು ಹೇಳ್ಕೊಡಿ.”

ಕಂಬಕ್ಕೆ ಒರಗಿದ್ದವರೂ ಎದ್ದು ನೆಟ್ಟಗೆ ಕುಳಿತರು. ಈ ಸಲ ನರ್ಸಿನ ಪಾತ್ರ ನಾನೇ ತೆಗೆದುಕೊಂಡೆ.