ಹನ್ನೆರಡು ದಾಟಿದ ಮೇಲೆ

ಶಿಕಾರಿಪುರದಲ್ಲಿ ಸೊರಬದ ಬಸ್ಸು ತಡವಾಗಿತ್ತು. ಬೌದ್ಧ ಭಿಕ್ಷುವೊಬ್ಬರು ಕಲಿಸಿದಂತೆ ಬೇವಿನ ಕಟ್ಟೆಯ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿ ಕುಳಿತು, ಸಕಲ ಜೀವಿಗಳೂ ಸುಖವಾಗಿರಲೆಂದು ಧ್ಯಾನಿಸಿದೆ. ಆ ನೆಮ್ಮದಿ ದಿನವಿಡೀ ಉಳಿಯುತ್ತದೆ. ಕಣ್ಣು ತೆರೆದಾಗ ಹನ್ನೆರಡು ದಾಟಿ ಐದು ನಿಮಿಷವಾಗಿತ್ತು. ಎದುರಿಗೆ ಬಿಸಿಲಲ್ಲಿ ಮುದುಕಿಯೊಬ್ಬಳು ಬುತ್ತಿ ಹಿಡಿದು ನಿಂತಿದ್ದಳು.

“ಇವತ್ತು ನಮ್ ಯಜಮಾನ್ರ ತಿಥಿ ರೀ. ಮೊದಲು ಕಂಡ ದಾರಿಹೋಕರಿಗೆ ಉಣಿಸ್ದೆ ನಾನು ಉಣ್ಣಂಗಿಲ್ಲ.”

“ಹನ್ನೆರಡರ ಮೇಲೆ ಉಣ್ಣದ ವ್ರತ ನನ್ನದು, ತಾಯಿ. ಮೊದಲೇ ಕರೆಯಬಾರದಿತ್ತೆ?”

“ದೇವರ ಹತ್ರ ಮಾತಾಡೋರನ್ನ ಹೆಂಗ್ರೀ ಕರೀಲಿ? ಆವಾಗಿಂದ ನಿಂತೇ ಇದೀನಿ.”

ಒಂದು ವರ್ಷದಿಂದ ಆ ವ್ರತ ತಪ್ಪಿರಲಿಲ್ಲ. ಗಡಿಯಾರವನ್ನು ಜೇಬಿಗಿಟ್ಟು ಕೈ ತೊಳೆದೆ. ನಾನು ಮೊದಲ ತುತ್ತು ನುಂಗುವವರೆಗೂ ಅವಳು ಕೂರಲಿಲ್ಲ.