ಖಾಲಿ ಮೂಟೆಗೆ ಸಹಿ ಇಲ್ಲ

ಕಚೇರಿಯಲ್ಲಿ ಅವರಿಗೆ ಬಿದ್ದ ಹೆಸರು ಕೊಕ್ಕೆ ಮೇಡಂ. ಎದುರಿಗೆ ಮೇಡಂ, ಬೆನ್ನ ಹಿಂದೆ ಬರೀ ಕೊಕ್ಕೆ. ಎರಡೂ ಅವರಿಗೆ ಗೊತ್ತಿತ್ತು. "ಕೊಕ್ಕೆ ಇಲ್ದಿದ್ರೆ ನಿಮ್ಮ ಕೋಟು ನೆಲದ ಮೇಲೆ ಬಿದ್ದಿರ್ತಿತ್ತು" ಎಂದು ಒಮ್ಮೆ ಹೇಳಿ ಆ ವಿಷಯ ಮುಗಿಸಿದ್ದರು.

ಹನ್ನೊಂದು ಆಸ್ಪತ್ರೆಗಳ ಎಕ್ಸ್-ರೇ, ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕಾಪಿಡುವ ಕಂಪನಿ ಅದು. ಹೊಸದಾಗಿ ಏನು ಮಾಡಿದರೂ ಆಸ್ಪತ್ರೆಗಳಿಗೆ ಕೊಡುವ ಮೊದಲು ಪರೀಕ್ಷೆ ನಡೆಯಬೇಕು, ಕೊನೆಗೆ ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ 'ಪರೀಕ್ಷಿಸಿದವರು' ಎಂಬ ಗೆರೆಯ ಮೇಲೆ ಸಹಿ ಬೀಳಬೇಕು. ಇಡೀ ಕಂಪನಿಯಲ್ಲಿ ಕಾಗದ ಅಂತ ಉಳಿದದ್ದು ಅದೊಂದೇ. ಪುಟಪುಟಕ್ಕೂ ಅಚ್ಚು ಹಾಕಿದ ನಂಬರು. ಒಂದು ಹರಿದರೂ ಆಸ್ಪತ್ರೆಗಳ ತಪಾಸಣೆಯವರು ಬಂದು ಕೂರುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಆ ಗೆರೆಯ ಮೇಲಿನ ಸಹಿ ಕೊಕ್ಕೆ ಮೇಡಮ್ಮಿನದು. ಟೈಪು ಮಾಡಲು ಸೇರಿದವರು, ಟೈಪು ಮಾಡಿದ್ದನ್ನು ನಂಬಬಾರದು ಎಂದು ಕಲಿತು ಪರೀಕ್ಷೆಯ ವಿಭಾಗಕ್ಕೆ ಬಂದಿದ್ದರು.

ಈ ಸಲ ಪರೀಕ್ಷೆಗೆ ಬಂದದ್ದು ಸ್ನ್ಯಾಪ್‌ಶಾಟ್. ಅಂದರೆ ಡಿಸ್ಕುಗಳಲ್ಲಿರುವ ಫೈಲುಗಳ ಇಡೀ ಉಗ್ರಾಣ ಈ ಕ್ಷಣದಲ್ಲಿ ಹೇಗಿದೆಯೋ ಹಾಗೇ ಒಂದು ಚಿತ್ರ ಹಿಡಿದಿಡುವುದು. ನಾಳೆ ಯಾರಾದರೂ ಕೈತಪ್ಪಿ ಏನನ್ನಾದರೂ ಅಳಿಸಿದರೆ ಈ ಕ್ಷಣಕ್ಕೆ ಮರಳಬಹುದು. ಚಿತ್ರ ಹಿಡಿಯುವಾಗ ಬರೆಯುತ್ತಿರುವವರೆಲ್ಲ ರೆಪ್ಪೆ ಬಡಿಯುವಷ್ಟು ಹೊತ್ತು ಕೈ ನಿಲ್ಲಿಸಬೇಕು. ಯಾರೂ ಇಲ್ಲದ ಮನೆಯಲ್ಲಿ ಶಿಸ್ತು ಕಾಪಾಡುವುದು ಎಲ್ಲರಿಗೂ ಬರುತ್ತದೆ. ಹನ್ನೊಂದು ಆಸ್ಪತ್ರೆಗಳು ಒಟ್ಟಿಗೆ ಚಿತ್ರ ಸುರಿಯುವಾಗಲೂ ಅದು ನಡೆಯುತ್ತದೆಯೇ ಎಂಬುದು ಪ್ರಶ್ನೆ. ಅದಕ್ಕೇ ಮೇಡಂ ಒಂಬತ್ತು ವರ್ಷದ ಹಿಂದೆ ಒಂದು ಪ್ರೋಗ್ರಾಮು ಬರೆದಿದ್ದರು. ಇನ್ನೂರು ಸುಳ್ಳು ಆಸ್ಪತ್ರೆಗಳ ವೇಷ ಹಾಕಿಕೊಂಡು ಅದು ಡಿಸ್ಕಿನ ಮೇಲೆ ಫೈಲುಗಳ ಹೊರೆ ಹೇರುತ್ತಿತ್ತು. ಎಲ್ಲರೂ ಅದನ್ನು 'ಹಮಾಲಿ' ಎನ್ನುತ್ತಿದ್ದರು.

ಮೂರು ದಿನ ಹಮಾಲಿ ಓಡಿತು. ತೆಗೆದ ಸ್ನ್ಯಾಪ್‌ಶಾಟ್ ಮುನ್ನೂರು, ಸರಿಯಾಗಿದ್ದದ್ದೂ ಮುನ್ನೂರು. ಮ್ಯಾನೇಜರ್ ಕೇಕ್ ತರಿಸಿದರು. ಶುಕ್ರವಾರ ಆಸ್ಪತ್ರೆಗಳಿಗೆ ಕೊಡುತ್ತೇವೆಂದು ಮೇಲಿನವರಿಗೆ ಮಾತು ಕೊಟ್ಟಾಗಿತ್ತು. ಹೀಗೆ ಸಹಿಗೆ ಮೊದಲೇ ಸಿಹಿ ಬಂತು.

"ಗಡ್ಡನನ್ನ ಕರೀತೀನಿ ಇರಿ" ಎಂದು ಮೇಡಂ ನೆಲಮಾಳಿಗೆಗೆ ಇಳಿದರು. ಗಡ್ಡ ಎಂದರೆ ಡಿಸ್ಕುಗಳ ಉಸ್ತುವಾರಿ ನೋಡುವವನು. ಮುಖದಲ್ಲಿ ಉಳಿದದ್ದೇನೂ ಕಾಣಿಸದ ಕಾರಣ ಆ ಹೆಸರು. ಮೊದಲೆಲ್ಲ ಯಂತ್ರಗಳ ಕೋಣೆ ಮೇಡಮ್ಮಿನ ಮೇಜಿನ ಪಕ್ಕದಲ್ಲೇ ಇತ್ತು. ಹೋದ ವರ್ಷ ಹೊಸ ಡಿಸ್ಕುಗಳ ಜೊತೆ ಅದು ನೆಲಮಾಳಿಗೆಗೆ ಹೋದ ಮೇಲೆ ಅವರು ಪರದೆಯ ಮೇಲೆ ನೋಡಿಯೇ ಕೆಲಸ ಮಾಡುತ್ತಿದ್ದರು. ಕೋಣೆ ಯಥಾಪ್ರಕಾರ ಚಳಿ. ಹಳೆಯ ಅಭ್ಯಾಸದಂತೆ ಕೈ ಕಾಯಿಸಿಕೊಳ್ಳಲು ಡಿಸ್ಕುಗಳನ್ನು ಜೋಡಿಸಿಟ್ಟ ಬೀರುವಿನ ಹಿಂಬದಿಗೆ, ಫ್ಯಾನಿನ ಗಾಳಿಗೆ ಎರಡೂ ಅಂಗೈ ಹಿಡಿದರು. ಗಾಳಿ ತಣ್ಣಗಿತ್ತು.

"ಹಮಾಲಿ ನಿಲ್ಸಿದ್ಯೇನೋ?"

"ಇಲ್ಲಕ್ಕಾ, ಓಡ್ತಾನೇ ಇದೆ. ಕೇಕ್ ಉಳಿದಿದ್ಯಾ?"

"ಮೂರು ದಿನ ಮೂಟೆ ಹೊತ್ತೋನ ಮೈಯಲ್ಲಿ ಒಂದು ಹನಿ ಬೆವರಿಲ್ಲ ಅಂದ್ರೆ ಏನೋ ಅರ್ಥ?"

ಗಡ್ಡನಿಗೆ ಕೇಕ್ ಸಿಗಲಿಲ್ಲ. ಸಂಜೆಯವರೆಗೆ ಇಬ್ಬರೂ ಹುಡುಕಿದರು. ಹಮಾಲಿ ಹೊರುತ್ತಿದ್ದ ಫೈಲುಗಳ ಒಳಗೆ ಇದ್ದದ್ದು ಬರೀ ಸೊನ್ನೆಗಳು. ಒಂಬತ್ತು ವರ್ಷದ ಹಿಂದೆ, ಒಳಗೆ ಏನು ತುಂಬಿದರೇನು ಎಂದು ಮೇಡಮ್ಮೇ ಸೊನ್ನೆ ತುಂಬಿದ್ದರು. ಆಗಿನ ಡಿಸ್ಕು ಪೆದ್ದು. ಕೊಟ್ಟ ಸೊನ್ನೆಗಳನ್ನೆಲ್ಲ ಒಂದೊಂದಾಗಿ ಬರೆಯುತ್ತಿತ್ತು. ಹೋದ ವರ್ಷ ಬಂದ ಹೊಸ ವ್ಯವಸ್ಥೆ ಜಾಣ. ಎಲ್ಲವನ್ನೂ ಕುಗ್ಗಿಸಿ ಇಡುತ್ತದೆ. 'ಇಲ್ಲಿ ಇಷ್ಟು ಕೋಟಿ ಸೊನ್ನೆ' ಎಂದು ಒಂದು ಸಾಲು ಗೀಚಿ ಕೈ ಕಟ್ಟಿ ಕೂತಿತ್ತು. ಈ ಪರೀಕ್ಷೆ ಒಂದೇ ಅಲ್ಲ, ವರ್ಷದಿಂದೀಚೆಗೆ ಮೇಡಂ ಸಹಿ ಹಾಕಿದ ನಾಲ್ಕು ಪರೀಕ್ಷೆಗಳೂ ಹೀಗೇ ನಡೆದಿದ್ದವು.

"ತಪ್ಪು ನಂದೇ" ಎಂದರು ಮೇಡಂ.

"ಅಕ್ಕಾ, ಯಾರಿಗೂ ಗೊತ್ತಿಲ್ವಲ್ಲಾ."

"ನಂಗೆ ಗೊತ್ತಾಯ್ತಲ್ಲ. ನಾನು ಯಾರೂ ಅಲ್ವಾ?"

ಮರುದಿನ ಬೆಳಗ್ಗೆ ಬ್ರೆಡ್ ಕಚ್ಚುತ್ತಾ ಗಂಡನಿಗೆ ಹೇಳಿದರು. ಆತ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬ್ರೇಕ್ ಪರೀಕ್ಷೆಗೆ ಬಸ್ಸಿನ ತುಂಬ ಮರಳಿನ ಮೂಟೆ ಪೇರಿಸುವುದು ಅವರ ಕಡೆಯ ಪದ್ಧತಿ.

"ನಮ್ಮಲ್ಲೂ ಒಬ್ಬ ಇದ್ದ ಕಣೇ. ಸೊಂಟ ನೋವು ಅಂತ ಮೂಟೆಗೆ ಮರಳಿನ ಬದಲು ಹೊಟ್ಟು ತುಂಬ್ದ. ಬ್ರೇಕು ಪಾಸಾಯ್ತು."

"ಆಮೇಲೆ?"

"ಡಿಪೋ ಗೋಡೆ ಫೇಲಾಯ್ತು."

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು: "ಇವಳ ಕೊಕ್ಕೆ ಆಫೀಸಿಗೂ ಹತ್ತಿತಾ? ಮನೇಗೇ ಸಾಕಾಗಿತ್ತಲ್ಲ."

"ಮನೇಲಿ ನೀವಿದ್ದೀರಲ್ಲ ಅತ್ತೆ, ಇಲ್ಲಿ ನನ್ನ ಅಗತ್ಯ ಇಲ್ಲ" ಎಂದು ಮೇಡಂ ಚೀಲ ಹೆಗಲಿಗೇರಿಸಿದರು.

ಮ್ಯಾನೇಜರ್ ಪೂರ್ತಿ ಕೇಳಿದರು. ಆಮೇಲೆ ರಿಜಿಸ್ಟರು ತೆರೆದು ಪೆನ್ನು ಮುಂದೆ ಹಿಡಿದರು.

"ಮೇಡಂ, ಮುನ್ನೂರಕ್ಕೆ ಮುನ್ನೂರು. ಸಹಿ ಹಾಕಿ. ಮುಂದಿನ ತಿಂಗಳು ನಿಧಾನಕ್ಕೆ ಮತ್ತೆ ಪರೀಕ್ಷೆ ಮಾಡೋಣ."

"ಕೊಟ್ಟ ಮೇಲೆ ಪರೀಕ್ಷೆನಾ? ಮಾತ್ರೆ ನುಂಗಿಸಿ ಆಮೇಲೆ ಚೀಟಿ ಓದ್ದಂಗೆ."

"ಈಗ ಇದನ್ನ ಎತ್ತಿದ್ರೆ ಹಳೇ ನಾಲ್ಕೂ ಎದ್ದು ಬರುತ್ತೆ. ಅದರ ಮೇಲಿರೋದು ನನ್ನ ಹೆಸರಲ್ಲ, ನಿಮ್ಮದು. ಇಪ್ಪತ್ತಾರು ವರ್ಷದ ಹೆಸರು. ಯೋಚನೆ ಮಾಡಿ."

ಮೇಡಂ ಯೋಚನೆ ಮಾಡಿದರು. ಪೆನ್ನು ತೆಗೆದುಕೊಂಡರು. ಮ್ಯಾನೇಜರ್ ಮುಖ ಅರಳಿತು. ಗೆರೆಯ ಮೇಲೆ ಮೇಡಂ ತಮ್ಮ ದುಂಡು ಅಕ್ಷರದಲ್ಲಿ ಬರೆದರು: 'ಖಾಲಿ ಮೂಟೆ ಹೊರಿಸಿ ಪರೀಕ್ಷಿಸಲಾಗಿದೆ. ಒಪ್ಪಿಗೆ ಇಲ್ಲ.' ಕೆಳಗೆ ಸಹಿ. ಆಮೇಲೆ ಹಿಂದಿನ ಪುಟಗಳನ್ನು ತಿರುವಿ, ನಾಲ್ಕೂ ಸಹಿಗಳ ಪಕ್ಕದಲ್ಲಿ 'ಈ ಸಹಿ ವಾಪಸ್' ಎಂದು ಬರೆದು ತಾರೀಖು ಹಾಕಿದರು.

"ಏನ್ರೀ ಇದು! ಈ ಪುಟ ಹರಿಯಕ್ಕೂ ಆಗಲ್ವಲ್ಲ!"

"ಅದಕ್ಕೇ ನಂಬರು ಹಾಕಿರೋದು ಸಾರ್."

ಬರೆದದ್ದನ್ನು ಅಳಿಸಲಾಗದ ಮೇಲೆ ಮತ್ತೆ ಪರೀಕ್ಷೆ ಮಾಡದೆ ಗತಿಯಿರಲಿಲ್ಲ. ಮ್ಯಾನೇಜರ್ ಒಂದು ದಿನ ಕೊಟ್ಟರು, ಒಂದೇ ದಿನ. ಗಡ್ಡ ಮತ್ತು ಮೇಡಂ ಸೇರಿ ಹಮಾಲಿಯ ಮೂಟೆಗೆ ನಿಜವಾದ ಮರಳು ತುಂಬಿದರು: ಕುಗ್ಗಿಸಲು ಬಾರದ ಅಡ್ಡಾದಿಡ್ಡಿ ಅಂಕಿಗಳು, ಲಕ್ಷಾಂತರ ಪುಟ್ಟ ಫೈಲುಗಳು, ಬರೆಯುತ್ತಿದ್ದಂತೆ ಅಳಿಸುವವರು, ಅಳಿಸುತ್ತಿದ್ದಂತೆ ಹೆಸರು ಬದಲಿಸುವವರು. ಬುಧವಾರ ಬೆಳಗ್ಗೆ ಹತ್ತಕ್ಕೆ ಶುರು. ನಿಮಿಷಕ್ಕೊಂದು ಸ್ನ್ಯಾಪ್‌ಶಾಟ್, ಪ್ರತಿಯೊಂದನ್ನೂ ತೆರೆದು ಮೂಲದ ಜೊತೆ ಹೋಲಿಸುವುದು. ಮೇಡಂ ಕುರ್ಚಿಯನ್ನು ಬೀರುವಿನ ಹಿಂದೆಯೇ ಹಾಕಿಕೊಂಡರು. ಗಾಳಿ ಬೆಚ್ಚಗಾಯಿತು, ಬಿಸಿಯಾಯಿತು. ಫ್ಯಾನುಗಳು ಕೂಗತೊಡಗಿದವು.

ನಲವತ್ತು ಸ್ನ್ಯಾಪ್‌ಶಾಟ್ ಸರಿಯಾದವು. ಮ್ಯಾನೇಜರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ನಲವತ್ತೊಂದನೆಯದಕ್ಕೆ ಎಲ್ಲ ನಿಂತಿತು. ಒಂದು ಫೈಲೂ ಅಲುಗಲಿಲ್ಲ. ಗಾಳಿ ನಿಧಾನಕ್ಕೆ ತಣ್ಣಗಾಗುತ್ತಾ ಬಂತು.

"ಏನಾಯ್ತು?" ಎಂದರು ಮ್ಯಾನೇಜರ್.

ಗಡ್ಡ ಪರದೆಯಿಂದ ಕಣ್ಣೆತ್ತಲಿಲ್ಲ. "ಸ್ನ್ಯಾಪ್‌ಶಾಟ್ ಬರೆಯೋರಿಗೆ ನಿಲ್ಲಿ ಅಂತು, ನಿಂತ್ರು ಸಾರ್. ಅವರಲ್ಲೊಬ್ಬ ಅರ್ಧ ಬರೆದು ನಿಂತಿದ್ದಾನೆ. ನೀನು ಮುಗಿಸೋ ತನಕ ನಾನು ಬಿಡಲ್ಲ ಅಂತ ಇದು, ನೀನು ಬಿಡೋ ತನಕ ನಾನು ಮುಗಿಸಲ್ಲ ಅಂತ ಅವನು."

"ಬೀಗರಿಬ್ಬರು ಬಾಗಿಲಲ್ಲಿ 'ನೀವು ಮೊದಲು, ನೀವು ಮೊದಲು' ಅಂತ ನಿಂತ ಹಾಗೆ" ಎಂದರು ಮೇಡಂ. "ಒಳಗೆ ಊಟ ಆರ್ತಾ ಇದೆ. ಹನ್ನೊಂದು ಆಸ್ಪತ್ರೇಲಿ ಇದೇ ಆದ್ರೆ ಆಗ ತೆಗೆದ ಸ್ಕ್ಯಾನು ಯಾವ ಡಾಕ್ಟರಿಗೂ ಸಿಗಲ್ಲ."

ಮ್ಯಾನೇಜರ್ ಕೊನೆಯ ಪ್ರಯತ್ನ ಮಾಡಿದರು. "ನಲವತ್ತೊಂದಕ್ಕೆ ನಲವತ್ತು ಮೇಡಂ! ನನ್ನ ಮಗ ಇಷ್ಟು ಮಾರ್ಕ್ಸ್ ತಂದ್ರೆ ನಾನು ಊರಿಗೆಲ್ಲ ಹೇಳ್ಕೊಂಡು ತಿರುಗ್ತೀನಿ."

"ತಿರುಗಿ ಸಾರ್. ಬಸ್ಸಿನಲ್ಲಿ ತಿರುಗ್ಬೇಡಿ. ನಲವತ್ತು ಸಲ ಹಿಡಿಯೋ ಬ್ರೇಕು ಅದು."

ಶುಕ್ರವಾರ ಆಸ್ಪತ್ರೆಗಳಿಗೆ ಏನೂ ಹೋಗಲಿಲ್ಲ. ಮೇಡಮ್ಮಿಗೆ ಒಂದು ಪತ್ರ ಬಂತು. ನಾಲ್ಕು ಪರೀಕ್ಷೆಗಳಲ್ಲಿ ತಾವೇ ಒಪ್ಪಿಕೊಂಡ ಲೋಪದ ಕಾರಣ ಅವರನ್ನು ಕೈಪಿಡಿ ಬರೆಯುವ ವಿಭಾಗಕ್ಕೆ ವರ್ಗ ಮಾಡಲಾಗಿದೆ, ಇನ್ನು ಮುಂದೆ ರಿಜಿಸ್ಟರಿನಲ್ಲಿ ಗಡ್ಡ ಸಹಿ ಹಾಕತಕ್ಕದ್ದು ಎಂದು. ಗಡ್ಡನ ಗಡ್ಡವೂ ಬಾಡಿತು.

"ಅನ್ಯಾಯ ಅಕ್ಕಾ."

"ಲೋಪ ನಂದೇ ತಾನೇ? ಹೊತ್ಕೋತೀನಿ. ಇದು ಖಾಲಿ ಮೂಟೆ ಅಲ್ಲ. ನೀನು ಮಾತ್ರ ಹುಷಾರು, ಪೆನ್ನು ಕೊಡೋ ಕೈ ಯಾವಾಗಲೂ ನಗ್ತಾ ಕೊಡುತ್ತೆ."

ಕೈಪಿಡಿ ವಿಭಾಗದಲ್ಲಿ ಮೇಡಂ ಮಾಡಿದ ಮೊದಲ ಕೆಲಸ ಪರೀಕ್ಷೆ ಮಾಡುವವರಿಗಾಗಿ ಒಂದು ಕೈಪಿಡಿ. ನೂರ ಹದಿನಾಲ್ಕು ಪುಟ. ಅರವತ್ತೆರಡನೆಯ ಪುಟದಲ್ಲಿ ಹೀಗಿತ್ತು: 'ಸಹಿ ಹಾಕುವ ಮೊದಲು ಯಂತ್ರಗಳ ಕೋಣೆಗೆ ಹೋಗಿ ಬೀರುವಿನ ಹಿಂದೆ ಅಂಗೈ ಹಿಡಿಯಬೇಕು. ಗಾಳಿ ತಣ್ಣಗಿದ್ದರೆ, ಯಾರು ಹೇಳಿದರೂ ಸಹಿ ಹಾಕತಕ್ಕದ್ದಲ್ಲ. ಯಾರು ಹೇಳಿದರೂ ಎಂಬುದರಲ್ಲಿ ಮ್ಯಾನೇಜರ್ ಸೇರಿದ್ದಾರೆ.'

ಕೈಪಿಡಿ ಜಾರಿಗೆ ಬರಲು ಮ್ಯಾನೇಜರ್ ಒಪ್ಪಿಗೆ ಬೇಕಿತ್ತು. ಮೇಡಂ ತಾವೇ ಒಯ್ದು ಮೇಜಿನ ಮೇಲಿಟ್ಟು, ನಗುತ್ತಾ ಪೆನ್ನು ಮುಂದೆ ಹಿಡಿದರು.

ಮ್ಯಾನೇಜರ್ ಓದದೆ ಸಹಿ ಹಾಕಿದರು.