ಬ್ಯಾಂಡೇಜ್ ಬಿಚ್ಚುವ ಮೊದಲು ಆಡಿದ ಮಾತು

ಮೊದಲು ಬಂದದ್ದು ತುರಿಕೆ. ಆಪರೇಷನ್ ಆದ ಎಡಕಿವಿಯ ಹಾಲೆಯಲ್ಲಿ, ಹೊಲಿಗೆ ಹಾಕಿದ್ದ ಗೆರೆಯ ಮೇಲೆ. ಆಮೇಲೆ ಒಂದು ಗಂಟು ಕೈಗೆ ಸಿಕ್ಕಿತು. ಕಡಲೆಕಾಳಿನಷ್ಟಿದ್ದದ್ದು ನೋಡನೋಡುತ್ತಲೇ ಹುಣಿಸೆಬೀಜದಷ್ಟಾಯಿತು.

ಕೀಲಾಯ್ಡ್, ಗಾಯದ ಕಲೆಯೇ ಗಂಟಾಗಿ ಬೆಳೆಯುವುದು, ಎಂದರು ನಮ್ಮ ಬೀದಿಯ ಡಾಕ್ಟರು.

ಆ ಪದವನ್ನೇ ನಾನು ಕೇಳಿರಲಿಲ್ಲ. ಭಾರದ ಜುಮುಕಿ ಹಾಕಿ ಹಾಕಿ ಹಾಲೆ ಸೀಳಿಹೋಗಿತ್ತು. ಮಗಳು ಸುಧಾಳ ಮದುವೆಯಲ್ಲಿ ಅಮ್ಮನ ಓಲೆ ಹಾಕಿಕೊಳ್ಳಬೇಕೆಂದು ನನಗೆ ಆಸೆ. ಸುಧಾ ಜಯನಗರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಒಂದು ಕಾಸ್ಮೆಟಿಕ್ ಕ್ಲಿನಿಕ್ಕಿನ ವೆಬ್‌ಸೈಟ್ ಹುಡುಕಿದಳು. ಸಣ್ಣ ಆಪರೇಷನ್, ಅದೇ ದಿನ ಮನೆಗೆ, ಕಲೆ ಕಾಣುವುದಿಲ್ಲ. ಕೆಳಗೆ ಪೇಷೆಂಟುಗಳ ಮೆಚ್ಚುಗೆ. ಮಾರ್ಕೆಟ್ಟಿನಲ್ಲಿ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ನೋಡಿ ಕೊಳ್ಳುವವಳು ನಾನು. ಇದನ್ನು ಮಾತ್ರ ಹಾಗೇ ನಂಬಿಬಿಟ್ಟೆ.

ಗಂಟು ಬಂದ ಮೇಲೆ ಅದೇ ವೆಬ್‌ಸೈಟನ್ನು ಮತ್ತೆ ತೆರೆಸಿದೆ. ಕೀಲಾಯ್ಡಿನ ಸುದ್ದಿ ಎಲ್ಲೂ ಇಲ್ಲ. ಓದುತ್ತಿದ್ದ ಸುಧಾ ತಟ್ಟನೆ ನಿಲ್ಲಿಸಿದಳು.

"ಅಮ್ಮಾ, ಇದು ನೀನೇ ಅಲ್ವಾ?"

ನಾನೇ. ನನ್ನ ಹೆಸರಿನ ಮೊದಲಕ್ಷರ, ಪಕ್ಕದಲ್ಲಿ ನಮ್ಮ ಏರಿಯಾ ಬನಶಂಕರಿ. "ತುಂಬಾ ಚೆನ್ನಾಗಿ ಮಾಡಿದರು, ಎಲ್ಲರಿಗೂ ಹೇಳುತ್ತೇನೆ."

ಆಪರೇಷನ್ ಮುಗಿಸಿ ಹೊರಡುವಾಗ ರಿಸೆಪ್ಷನ್ನಿನ ಹುಡುಗಿ ಕೇಳಿದ್ದಳು: "ಹೇಗಾಯ್ತು ಮೇಡಂ? ಎರಡು ಮಾತು ಹೇಳಿ, ಬರ್ಕೋತೀನಿ." ಆಗ ಕಿವಿ ಇನ್ನೂ ಮರಗಟ್ಟಿತ್ತು, ಮೇಲೆ ಬ್ಯಾಂಡೇಜು. ಕರೆದವರ ಮನೆಯಲ್ಲಿ ಉಂಡು ಎದ್ದಾಗ ಸಾರು ಹೇಗಿತ್ತೆಂದು ಕೇಳಿದರೆ ಯಾರಾದರೂ ಕೆಟ್ಟದ್ದು ಹೇಳುತ್ತಾರೆಯೇ? ಹಾಗೆಯೇ ಹೇಳಿದೆ. ನಾನು ನಂಬಿದ್ದ ಆ ಉಳಿದವರೂ ಹೀಗೇ, ಬ್ಯಾಂಡೇಜ್ ಕಟ್ಟಿಕೊಂಡೇ ಹೊಗಳಿದ್ದರೋ ಏನೋ. ನೆನೆದು ಮೈಯೆಲ್ಲ ಉರಿಯಿತು.

ಕ್ಲಿನಿಕ್ಕಿಗೆ ಫೋನ್ ಮಾಡಿ ನನ್ನ ಮಾತನ್ನು ತೆಗೆಯಿರಿ ಎಂದೆ. "ನೋಡ್ತೀವಿ ಮೇಡಂ," ಎಂದರು. ಇನ್ನೂ ಅಲ್ಲೇ ಇದೆ.

ಆಮೇಲೆ ವಿಲ್ಸನ್ ಗಾರ್ಡನ್ನಿನ ಒಬ್ಬ ಸ್ಕಿನ್ ಡಾಕ್ಟರ ಹತ್ತಿರ ಹೋದೆ. ಗಂಟಿನೊಳಕ್ಕೇ ಇಂಜೆಕ್ಷನ್. ಕಣ್ಣಲ್ಲಿ ನೀರು ಬರುವಷ್ಟು ನೋವು.

"ಪೂರ್ತಿ ಹೋಗುತ್ತಾ ಡಾಕ್ಟ್ರೇ?"

"ಸಣ್ಣದಾಗ್ಬಹುದು. ಮತ್ತೆ ಬೆಳೀಲೂಬಹುದು. ಈಗಲೇ ಹೇಳೋಕಾಗಲ್ಲಮ್ಮ."

ಸಿಹಿ ಮಾತೇನಲ್ಲ. ಆದರೂ ಯಾಕೋ ಅದನ್ನು ಕೇಳಿ ಸಮಾಧಾನವಾಯಿತು.

ಮದುವೆಯಲ್ಲಿ ಅಮ್ಮನ ಓಲೆ ಸುಧಾಳ ಕಿವಿಯಲ್ಲಿತ್ತು. ನಾನು ಎಡಕಿವಿ ಮುಚ್ಚುವಂತೆ ತಲೆ ಬಾಚಿಕೊಂಡು ಧಾರೆಗೆ ನಿಂತೆ. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಈಚೆಗೆ ಗಂಟು ಕೊಂಚ ಮೆತ್ತಗಾಗಿದೆ, ತುರಿಕೆ ಕಡಿಮೆ. ದೇವರು ದೊಡ್ಡವನು.

ಮೊನ್ನೆ ಇಂಜೆಕ್ಷನ್ ತೆಗೆದುಕೊಂಡು ಹೊರಡುವಾಗ ಅಲ್ಲಿನ ನರ್ಸ್ ನಗುತ್ತಾ ಕೇಳಿದಳು: "ಈಗ ಹೇಗಿದೆ ಆಂಟಿ?"

"ಮುಂದಿನ ವರ್ಷ ಕೇಳಮ್ಮ," ಎಂದೆ. "ಆಗ ಹೇಳ್ತೀನಿ."